ನಾಳೆಗೆ ಉಳಿದ ಹೀಲಿಯಂ

ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ಕಾಲೇಜಿನವರು ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರು. ಜಗಳ ಮಾಡಿ ತೆಗೆಯುತ್ತಿದ್ದರು ಎಂದಲ್ಲ. ಆಫೀಸಿನ ಕ್ಲಾರ್ಕ್ ನಗುನಗುತ್ತಲೇ ನನ್ನ ಐಡಿ ಕಾರ್ಡ್ ವಾಪಸ್ ಇಸಿದುಕೊಂಡು, ಜುಲೈಯಲ್ಲಿ ಸಿಗೋಣ ಮೇಡಂ ಎನ್ನುತ್ತಿದ್ದ. ಮಳೆ ಹಿಡಿದು, ಅಡ್ಮಿಷನ್ ಮುಗಿದು, ಪಾಠ ಮಾಡುವವರು ಸಾಲದೆ ಬಂದಾಗ ಮತ್ತೆ ಫೋನ್ ಬರುತ್ತಿತ್ತು. ಬರುತ್ತಿತ್ತು ಎಂದು ಈಗ ಬರೆಯುವುದು ಸುಲಭ. ಆಗ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಆ ವಾರಗಳಲ್ಲಿ ನಾನು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲಿನ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೀರಿನ ಸದ್ದಿನಲ್ಲಿ ರಿಂಗು ಕೇಳಿಸದೆ ಹೋದೀತು ಎಂದು ನಲ್ಲಿಯನ್ನು ಸಣ್ಣಗೆ ಬಿಡುತ್ತಿದ್ದೆ. ಅಮ್ಮ ಹೊರಗಿನಿಂದ, ಇಷ್ಟು ಹೊತ್ತು ಒಳಗೆ ಎಂತ ಮಾಡುದು ಎಂದು ಬೈಯುತ್ತಿದ್ದಳು.

ವಿಲೆ ಪಾರ್ಲೆಯ ಆ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಕಲಿಸುತ್ತಿದ್ದೆ, ಗಂಟೆ ಲೆಕ್ಕದ ಮೇಲೆ. ಪಾಠ ಮಾಡಿದ ಗಂಟೆಗೆ ಸಂಬಳ, ಮಾಡದ ಗಂಟೆಗೆ ಇಲ್ಲ. ಸ್ಟಾಫ್ ರೂಮಿನಲ್ಲಿ ಖಾಯಂ ಆದವರಿಗೆ ಒಂದೊಂದು ಕಬ್ಬಿಣದ ಕಪಾಟು ಇತ್ತು. ನಮಗಿರಲಿಲ್ಲ. ಪುಸ್ತಕ, ಉತ್ತರಪತ್ರಿಕೆ, ಕೊಡೆ, ಡಬ್ಬಿ ಎಲ್ಲವನ್ನೂ ಹೆಗಲಿನ ಚೀಲದಲ್ಲೇ ಹೊತ್ತುಕೊಂಡು ತಿರುಗಬೇಕು. ಮಾಟುಂಗಾ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುವಾಗ ಆ ಚೀಲ ಯಾರಿಗಾದರೂ ತಾಗದೆ ಇರುತ್ತಿರಲಿಲ್ಲ. ಅವರು ಬೈಯದೆ ಇರುತ್ತಿರಲಿಲ್ಲ, ನಾನು ತಿರುಗಿ ಬೈಯದೆ ಇರುತ್ತಿರಲಿಲ್ಲ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಹೆದರಿಕೆಯಾದಾಗಲೂ ನನಗೆ ಬರುವುದು ಕೋಪವೇ.

ನಮ್ಮ ವಿಭಾಗದಲ್ಲಿ ಗಂಟೆ ಲೆಕ್ಕದವರು ಇಬ್ಬರು. ನಾನೊಬ್ಬಳು. ಇನ್ನೊಬ್ಬರು ನನಗಿಂತ ನಾಲ್ಕಾರು ವರ್ಷ ಚಿಕ್ಕವರು, ಬಾಂದ್ರಾ ಪೂರ್ವದ ಒಂದು ಚಾಳಿನ ಒಂಟಿ ಕೋಣೆಯಲ್ಲಿ ಹುಟ್ಟಿ ಬೆಳೆದವರು. ಅವರ ಅಪ್ಪ ಬಾಗಲಕೋಟೆ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರಂತೆ. ಹೊರಗೆಲ್ಲ ಹಿಂದಿ, ಮರಾಠಿ, ಇಂಗ್ಲಿಷ್ ಮಾತಾಡಿದರೂ ನನ್ನ ಹತ್ತಿರ ಮಾತ್ರ ಅಪ್ಪಟ ಬಾಗಲಕೋಟೆ ಕನ್ನಡ. ನಾಲ್ಕು ಜನರ ಎದುರು ನಾನು ಮೇಡಂ, ಇಬ್ಬರೇ ಇದ್ದಾಗ ಅಕ್ಕಾರ. ನನ್ನದು ಉಡುಪಿ ಕಡೆಯ ಮನೆಮಾತು. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನನ್ನನ್ನು ಓದಿಸಿದರು. ಅಪ್ಪ ಹೋದ ಮೇಲೆ ಅವರು ಹಿಡಿದಿದ್ದ ಮಾಟುಂಗದ ಹಳೇ ಬಿಲ್ಡಿಂಗಿನ ಮನೆಯಲ್ಲೇ ಅಮ್ಮ ಮತ್ತು ನಾನು. ನಾನು ಮಾರಾಯ್ರೆ ಎಂದಾಗಲೆಲ್ಲ ನನ್ನ ಜೊತೆಯ ಸರ್‌ಗೆ ನಗು ಬರುತ್ತಿತ್ತು. ಅವರು ಹೌದ್ರಿ ಎಂದಾಗ ನನಗೂ ಬರುತ್ತಿತ್ತು.

ಗಂಟೆ ಲೆಕ್ಕದವರಿಗೆ ಪೂರ್ತಿ ಒಂದು ವಿಷಯ ಕೊಡುವುದಿಲ್ಲ, ಘಟಕ ಘಟಕವಾಗಿ ಹಂಚುತ್ತಾರೆ. ಕೊನೇ ವರ್ಷದ ನ್ಯೂಕ್ಲಿಯರ್ ಫಿಸಿಕ್ಸ್ ನಮ್ಮಿಬ್ಬರ ನಡುವೆ ಹರಿದು ಹಂಚಿಹೋಗಿತ್ತು. ಬಂಧನ ಶಕ್ತಿಯ ಘಟಕ ನನ್ನದು, ಸ್ಪಿನ್‌ನ ಘಟಕ ಅವರದು. ವರ್ಷ ವರ್ಷವೂ ಹಾಗೇ. ನಾನು ನನ್ನ ಅರ್ಧವನ್ನು ನಿದ್ದೆಗಣ್ಣಿನಲ್ಲೂ ಪಾಠ ಮಾಡಬಲ್ಲವಳಾಗಿದ್ದೆ. ಅವರ ಅರ್ಧ ಒಂದು ಕಾಲದಲ್ಲಿ ಓದಿದ್ದು ಬಿಟ್ಟರೆ ನನಗೆ ಮಬ್ಬು ಮಬ್ಬು. ಅವರಿಗೂ ನನ್ನ ಅರ್ಧ ಅಷ್ಟೇ. ಯಾರಾದರೂ ಹುಡುಗಿ ಬಂದು ಸ್ಪಿನ್ ಬಗ್ಗೆ ಕೇಳಿದರೆ, ಅದು ಸರ್ ಹತ್ತಿರ ಕೇಳು ಎಂದು ಕಳಿಸುತ್ತಿದ್ದೆ. ಇದರಲ್ಲಿ ನಾಚಿಕೆ ಪಡುವುದು ಏನಾದರೂ ಇದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೀಗಿರುವಾಗ ವಿಭಾಗದ ಹಿರಿಯ ಮೇಡಂ ನಿವೃತ್ತರಾದರು. ಅವರ ಜಾಗಕ್ಕೆ ಒಂದು ಖಾಯಂ ಹುದ್ದೆ ಮಂಜೂರಾಯಿತು. ಒಂದೇ ಒಂದು. ಇನ್ನೊಂದು ಹುದ್ದೆ ಬರುವಷ್ಟರಲ್ಲಿ ನಮ್ಮ ತಲೆಯೂ ನೆರೆತಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೂ ಒಂದು ಸಂಗತಿ ಗೊತ್ತಿತ್ತು, ಅದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ: ಖಾಯಂ ಟೀಚರು ಬಂದರೆ ಆ ಗಂಟೆಗಳೆಲ್ಲ ಅವರಿಗೇ ಹೋಗುತ್ತವೆ, ಗಂಟೆ ಲೆಕ್ಕದವರಿಗೆ ಉಳಿಯುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ. ಬೇರೆ ಯಾರಾದರೂ ಒಳಗೆ ಹೋದರೆ ಇಬ್ಬರೂ ಹೊರಗೆ.

ಇಂಟರ್‌ವ್ಯೂನಲ್ಲಿ ಬೋರ್ಡಿನ ಮುಂದೆ ನಿಂತು ಸಣ್ಣದೊಂದು ಪಾಠ ಮಾಡಿ ತೋರಿಸಬೇಕು. ಎಲ್ಲರಿಗೂ ಒಂದೇ ವಿಷಯ. ಅದು ಬಂದ ದಿನ ಸ್ಟಾಫ್ ರೂಮಿನಲ್ಲಿ ಫೋನ್ ತೆರೆದು ಓದಿದೆ: ಹಗುರವಾದ ನ್ಯೂಕ್ಲಿಯಸ್‌ಗಳು ಕೂಡಿಕೊಳ್ಳುವುದು, ಅದರಲ್ಲಿ ಬಂಧನ ಶಕ್ತಿ ಮತ್ತು ಸ್ಪಿನ್. ಎದುರು ಕೂತಿದ್ದ ಅವರೂ ಅದನ್ನೇ ಓದುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಅರ್ಧ ನನ್ನದು, ಅರ್ಧ ಅವರದು.

ನಾನಾಗಿದ್ದರೆ ಸುಮ್ಮನೆ ಎದ್ದು ಹೋಗುತ್ತಿದ್ದೆನೇನೋ. ಅವರೇ ಬಾಯಿ ಬಿಟ್ಟರು.

"ಅಕ್ಕಾರ, ನಿಮ್ಮ ಅರ್ಧ ನನಗ ಕಲಸ್ರಿ, ನನ್ನ ಅರ್ಧ ನಾ ನಿಮಗ ಕಲಸ್ತೀನಿ. ಆಮ್ಯಾಲ ಯಾರಿಗೆ ಸಿಗ್ತೈತೋ ಸಿಗಲಿ."

"ನಿಮಗೆ ಹೆದರಿಕೆ ಆಗುದಿಲ್ವಾ ಮಾರಾಯ್ರೆ?" ಎಂದು ಕೇಳಿದೆ.

ಆಗ್ತೈತಿ ಎಂದರು. ಅಷ್ಟೇ.

ಇಂಟರ್‌ವ್ಯೂಗೆ ಎರಡು ದಿನ ಇರುವಾಗ ಮಾಟುಂಗದಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲೇ ಕೂತೆವು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಸಂಜೆಯ ತಿಂಡಿಯವರು ಬರುವ ಮೊದಲು, ಅಲ್ಲಿ ಸ್ವಲ್ಪ ಹೊತ್ತು ಬಿಡುವು. ಆಗ ಮಾತ್ರ ಅಲ್ಲಿ ಆರಾಮವಾಗಿ ಕೂರಬಹುದು. ಉಳಿದ ಹೊತ್ತಿನಲ್ಲಿ ಅರ್ಧ ಇಡ್ಲಿ ತಟ್ಟೆಯಲ್ಲಿರುವಾಗಲೇ ಹಿಂದೆ ಯಾರಾದರೂ ಬಂದು ನಿಂತಿರುತ್ತಾರೆ.

ಮೊದಲು ನನ್ನ ಅರ್ಧ. ನಾನು ಹಿರಿಯಳಲ್ಲವೇ, ಶುರು ಮಾಡಿದೆ. ಶುರು ಮಾಡಿದರೆ ನಿಲ್ಲಿಸುವ ಜಾಯಮಾನ ನನ್ನದಲ್ಲ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಬಿಡಿಬಿಡಿಯಾಗಿ ತೂಗಿ ಕೂಡಿಸಿದರೆ ಒಂದು ತೂಕ. ಅವೇ ಕೂಡಿಕೊಂಡು ಒಂದು ನ್ಯೂಕ್ಲಿಯಸ್ ಆದ ಮೇಲೆ ತೂಗಿದರೆ ಅದಕ್ಕಿಂತ ಕಡಿಮೆ. ಕಡಿಮೆಯಾದದ್ದು ಎಲ್ಲಿ ಹೋಯಿತು? ಶಾಖವಾಗಿ, ಬೆಳಕಾಗಿ ಹೊರಗೆ ಹೋಯಿತು. ಸೂರ್ಯ ಉರಿಯುವುದು ಹಾಗೆ. ಕೂಡಿದ್ದನ್ನು ಮತ್ತೆ ಬಿಡಿಸಬೇಕಾದರೆ ಹೋದದ್ದಷ್ಟನ್ನೂ ಹೊರಗಿನಿಂದ ತಂದು ಕೊಡಬೇಕು. ಅದೇ ಬಂಧನ ಶಕ್ತಿ. ಒಳಗೆ ಗಂಟು ಕಟ್ಟಿ ಇಟ್ಟದ್ದು ಎಂದು ಹುಡುಗರೆಲ್ಲ ತಿಳಿದುಕೊಳ್ಳುತ್ತಾರೆ. ಒಳಗೆ ಇಲ್ಲ, ಆಗಲೇ ಹೋಗಿಬಿಟ್ಟಿದೆ, ಅದಕ್ಕೇ ಅವು ಬಿಟ್ಟು ಹೋಗಲಾರವು ಎಂದು ಹೇಳಿದೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇರುವ ಹೀಲಿಯಂ ಅದರ ಸುತ್ತಲಿನ ಹಗುರ ನ್ಯೂಕ್ಲಿಯಸ್‌ಗಳಿಗಿಂತ ಎಷ್ಟೋ ಗಟ್ಟಿ ಎಂದು ಪೇಪರ್ ನ್ಯಾಪ್ಕಿನ್ನಿನ ಮೇಲೆ ಗೆರೆ ಎಳೆದು ತೋರಿಸಿದೆ. ಕಾಫಿ ಎರಡು ಸಲ ಬಂತು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಎಲ್ಲ ಹೇಳಿದೆ ಎಂದೇ ನಾನು ತಿಳಿದುಕೊಂಡಿದ್ದೆ.

ಅವರ ಸರದಿ ಬರುವಾಗ ಹೊರಗೆ ಬಿಸಿಲು ಇಳಿಯುತ್ತಿತ್ತು. ಅವರು ಗೆರೆ ಎಳೆಯಲಿಲ್ಲ. ಖಾಲಿಯಾದ ಕಾಫಿ ಲೋಟ ಒಂದನ್ನು ತೆಗೆದುಕೊಂಡು ಇದು ಪ್ರೋಟಾನ್ ಎಂದರು. ಚಟ್ನಿ ಬಟ್ಟಲನ್ನು ಪಕ್ಕಕ್ಕೆ ಎಳೆದು ಇದು ನ್ಯೂಟ್ರಾನ್ ಎಂದರು. ಸ್ಪಿನ್ ಅಂದರೆ ಬುಗುರಿಯ ಹಾಗೆ ನಿಜವಾಗಿ ತಿರುಗುವುದು ಅಂತ ತಿಳಿಯಬೇಡಿ, ಎರಡು ಬಗೆ ಇರಬಹುದು ಅಂತ ಮಾತ್ರ ತಿಳಿಯಿರಿ: ಲೋಟ ನೆಟ್ಟಗೆ ಇರಬಹುದು, ಇಲ್ಲ ಬೋರಲು ಇರಬಹುದು. ಲೋಟವೂ ಬಟ್ಟಲೂ ಎರಡೂ ನೆಟ್ಟಗಿದ್ದರೆ ಅವುಗಳ ನಡುವಿನ ಸೆಳೆತ ಸ್ವಲ್ಪ ಜಾಸ್ತಿ, ಅಂಟಿಕೊಳ್ಳಲು ಸಾಕಾಗುವಷ್ಟು. ಒಂದು ನೆಟ್ಟಗೆ ಒಂದು ಬೋರಲು ಆದರೆ ಆ ಸೆಳೆತ ಸಾಲದು, ಕೂದಲೆಳೆಯಷ್ಟರಲ್ಲಿ ತಪ್ಪಿಹೋಗುತ್ತದೆ.

ಆಮೇಲೆ ಇನ್ನೊಂದು ಲೋಟ ತಂದು ಮೊದಲಿನದರ ಪಕ್ಕ ಇಟ್ಟರು. ಎರಡೂ ಪ್ರೋಟಾನ್. ಒಂದೇ ಜಾತಿಯ ಎರಡು ಒಂದೇ ಜಾಗದಲ್ಲಿ, ಒಂದೇ ರೀತಿ ಇರಲು ಪ್ರಕೃತಿ ಬಿಡುವುದಿಲ್ಲ. ಹಾಗಾಗಿ ಒಂದು ಬೋರಲಾಗಲೇಬೇಕು. ಬೋರಲಾದರೆ ಸೆಳೆತ ಸಾಲದು. ಅದಕ್ಕೇ ಎರಡು ಪ್ರೋಟಾನ್ ಜೋಡಿ ಆಗುವುದಿಲ್ಲ. ಎರಡು ನ್ಯೂಟ್ರಾನ್‌ಗಳದೂ ಅದೇ ಕತೆ. ಸೂರ್ಯನೊಳಗೆ ಪ್ರೋಟಾನ್‌ಗಳು ಡಿಕ್ಕಿ ಹೊಡೆದು ಹೊಡೆದು ಬೇರೆಯಾಗುತ್ತಲೇ ಇರುತ್ತವೆ. ಎಲ್ಲೋ ಅಪರೂಪಕ್ಕೆ, ಎದುರುಬದುರಾದ ಆ ಕ್ಷಣದಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾದರೆ ಮಾತ್ರ ಅಂಟಿಕೊಳ್ಳುತ್ತವೆ. ಸೂರ್ಯ ಧಗ್ಗೆಂದು ಒಮ್ಮೆಗೇ ಉರಿದು ಹೋಗದೆ ನಿಧಾನಕ್ಕೆ ಉರಿಯುತ್ತಿರುವುದು ಇದರಿಂದ. ನನಗೆ ಮೈ ಜುಂ ಎಂದಿತು. ಎಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಇದನ್ನು ಕೇಳದೆ ಹೋದೆನಲ್ಲ ಎಂದು ಬೇಸರವೂ ಆಯಿತು.

ಅಷ್ಟರಲ್ಲಿ ವೇಟರ್ ಬಂದು ಬೋರಲು ಇದ್ದ ಲೋಟವನ್ನು, ಅದರ ಜೊತೆ ಉಳಿದವನ್ನೂ ಗುಡಿಸಿಕೊಂಡು ಹೋದ. ಕುಂದಾಪುರದವನು, ಅಪ್ಪನ ಕಾಲದಿಂದ ಇದ್ದವನು. ಬೋರಲು ಲೋಟ ನೋಡಿದರೆ ಅವನಿಗೆ ಸಿಟ್ಟು, ಮೇಜೆಲ್ಲ ಕಾಫಿ ಕಲೆ ಮಾಡುತ್ತೀರಿ ಎಂದು ಗೊಣಗಿದ. ಬಾಗಿಲಲ್ಲಿ ಸಂಜೆಯವರ ಸಾಲು ಶುರುವಾಗಿತ್ತು. ನಾವು ಏಳಲೇಬೇಕಾಯಿತು.

"ಹೀಲಿಯಂ ನಾಳೆ ಹೇಳ್ತೀನ್ರಿ ಅಕ್ಕಾರ," ಎಂದರು ಅವರು ಕೈ ತೊಳೆಯುತ್ತ. "ಅದಕ್ಕ ಎರಡು ಲೋಟ, ಎರಡು ಬಟ್ಟಲ ಬೇಕಾಗ್ತಾವ."

ಮರುದಿನ ಅದೇ ಹೊತ್ತಿಗೆ ಅದೇ ಮೇಜಿನಲ್ಲಿ ಹೋಗಿ ಕೂತೆ. ಅವರು ಬರಲಿಲ್ಲ. ಲೋಕಲ್ ತಡವಾಗಿರಬಹುದು ಎಂದುಕೊಂಡು ಒಂದು ಕಾಫಿ ಕುಡಿದೆ. ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಸಂಜೆಯ ಸಾಲು ಬಂದು ನನ್ನ ಕುರ್ಚಿಯ ಹಿಂದೆ ನಿಂತಿತು. ಎದ್ದು ಮನೆಗೆ ನಡೆದೆ. ನಾಳೆ ಬೆಳಿಗ್ಗೆ ಇಂಟರ್‌ವ್ಯೂ. ಸ್ವಿಚ್ ಆಫ್ ಯಾಕೆ ಮಾಡಬೇಕು? ನನ್ನ ಅರ್ಧವನ್ನು ಪೂರ್ತಿ ಕೇಳಿಸಿಕೊಂಡಾಯಿತಲ್ಲ, ಇನ್ನು ಬರುವ ಅಗತ್ಯ ಏನು?

ಮನೆಯಲ್ಲಿ ಪುಸ್ತಕ ತೆಗೆದು ಹೀಲಿಯಂ ಪಾಠವನ್ನು ನಾನೇ ಓದಿದೆ. ಹೀಲಿಯಂನ ಒಟ್ಟು ಸ್ಪಿನ್ ಸೊನ್ನೆ ಎಂದಿತ್ತು. ಒಂದು ನೆಟ್ಟಗೆ, ಒಂದು ಬೋರಲು, ಹೀಗೆ ಜೋಡಿ ಜೋಡಿಯಾಗಿ ಎಲ್ಲ ಕಳೆದುಹೋಗಿ ಸೊನ್ನೆ. ಮತ್ತೆ ಅದೇ ಹೀಲಿಯಂ ಅಷ್ಟೊಂದು ಗಟ್ಟಿ! ಅವರು ಹೇಳಿದ್ದು ನೆಟ್ಟಗೆ ನೆಟ್ಟಗೆ ಇದ್ದರೆ ಸೆಳೆತ ಜಾಸ್ತಿ ಅಂತ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಇರುವ ಆ ಜೋಡಿ ಇದೆಯಲ್ಲ, ಎರಡೂ ನೆಟ್ಟಗಿರುವ ಜೋಡಿ, ಅದರ ಬಂಧನ ಶಕ್ತಿ ನೋಡಿದರೆ ತೀರಾ ಜುಜುಬಿ. ಅದು ನನ್ನ ಘಟಕ, ನನಗೆ ಬಾಯಿಪಾಠ. ನೆಟ್ಟಗೆ ಇದ್ದದ್ದು ಜುಜುಬಿ, ತಿರುಗುಮುರುಗ ಇದ್ದದ್ದು ಗಟ್ಟಿ. ಅಂದರೆ ತಿರುಗುಮುರುಗ ಇದ್ದರೆ ಸೆಳೆತ ಜಾಸ್ತಿ ಎಂದಾಯಿತಲ್ಲ! ಹಾಗಾದರೆ ಅವರು ನನಗೆ ಹೇಳಿಕೊಟ್ಟದ್ದು ಉಲ್ಟಾ.

ತಪ್ಪಿ ಹೇಳಿದರೇ? ಸ್ಪಿನ್ ಅವರ ಘಟಕ. ವರ್ಷ ವರ್ಷ ಪಾಠ ಮಾಡಿದವರು ತಪ್ಪಿ ಹೇಳುತ್ತಾರೆಯೇ? ಅದಕ್ಕೇ ಹೀಲಿಯಂ ನಾಳೆಗೆ ಉಳಿಸಿದರು, ಅದಕ್ಕೇ ಇವತ್ತು ಫೋನ್ ಆಫ್ ಮಾಡಿದರು ಎಂದು ಒಂದಕ್ಕೊಂದು ಪೋಣಿಸಿಕೊಳ್ಳುತ್ತ ಹೋದೆ. ಪೋಣಿಸಿದಷ್ಟೂ ಸರಿಯಾಗಿ ಕೂರುತ್ತಿತ್ತು. ಪುಸ್ತಕವನ್ನು ಮುಚ್ಚಿ ಬಿಸಾಡಿದೆ. ಲೋಟ ಬಟ್ಟಲು ಆಡಿಸಿ ನನ್ನನ್ನು ಮಂಗ ಮಾಡಿದರಲ್ಲ ಎಂದು ಜೋರಾಗಿಯೇ ಹೇಳಿದೆ.

ಅಮ್ಮ ಅಡುಗೆಮನೆಯಿಂದ ಬಂದು ಏನಾಯಿತೆಂದು ಕೇಳಿದಳು. ಹೇಳಿದೆ. ಅಮ್ಮನಿಗೆ ಪ್ರೋಟಾನ್ ತಲೆಬುಡ ಗೊತ್ತಾಗಲಿಲ್ಲ, ಉಳಿದದ್ದು ಗೊತ್ತಾಯಿತು. ಸೆರಗಿನಿಂದ ಕೈ ಒರೆಸಿಕೊಂಡಳು.

"ಕುರ್ಚಿ ಒಂದೇ ಅಲ್ವಾ ಮಗಾ," ಎಂದಳು.

ಅವರನ್ನು ಬೈದು ಹೇಳಿದ್ದಲ್ಲ ಅದು. ಆದರೂ ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಬೆಳಿಗ್ಗೆ ಲೋಕಲ್‌ನಲ್ಲಿ ನಿಂತು ನಾನು ನನ್ನ ಪಾಠವನ್ನು ಬದಲಾಯಿಸಿಕೊಂಡೆ: ತಿರುಗುಮುರುಗ ಇದ್ದರೆ ಸೆಳೆತ ಜಾಸ್ತಿ. ಅದನ್ನೇ ಹೇಳುತ್ತೇನೆ, ಏನಾದರೂ ಆಗಲಿ. ಯಾರದೋ ಚೀಲ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಅವತ್ತು ಬೈಯುವಷ್ಟು ತ್ರಾಣವೂ ಇರಲಿಲ್ಲ.

ಕಾಲೇಜಿನಲ್ಲಿ ನಮ್ಮನ್ನೆಲ್ಲ ಒಂದು ಖಾಲಿ ಕ್ಲಾಸಿನಲ್ಲಿ ಕೂರಿಸಿದ್ದರು. ಹೊರಗಿನಿಂದ ಬಂದ ಇನ್ನು ಕೆಲವರಿದ್ದರು, ಇಸ್ತ್ರಿ ಮಾಡಿದ ಬಟ್ಟೆ, ಹೊಸ ಫೈಲು. ನನ್ನ ಜೊತೆಯ ಸರ್ ಕೊನೆಗೆ ಓಡೋಡಿ ಬಂದರು, ಅಂಗಿಯ ಕಾಲರಿನ ತನಕ ಬೆವರು. ನನ್ನ ಕಡೆ ಬರಲು ನೋಡಿದರು. ಅಷ್ಟರಲ್ಲಿ ಪ್ಯೂನ್ ಅವರ ಹೆಸರನ್ನೇ ಕೂಗಿದ. ಒಳಗೆ ಹೋದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತೆ. ಅವರು ಒಳಗೆ ನನ್ನ ಅರ್ಧವನ್ನು, ನನ್ನದೇ ಮಾತಿನಲ್ಲಿ ಹೇಳುತ್ತಿರಬಹುದು ಎನಿಸಿತು.

ಅವರು ಹೊರಗೆ ಬರುವುದಕ್ಕೂ ಪ್ಯೂನ್ ನನ್ನನ್ನು ಕರೆಯುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ಎದುರಾದೆವು. ಅವರು ನನಗೇನೋ ಹೇಳಲು ಬಾಯಿ ತೆರೆದರು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಒಳಗೆ ಮೇಜಿನ ಹಿಂದೆ ಐದಾರು ಜನ. ನಡುವೆ ಬಿಳಿ ಕೂದಲಿನ ಒಬ್ಬ ಹೆಂಗಸು, ವಿಷಯ ಪರೀಕ್ಷಕರು, ಮೆತ್ತಗಿನ ದನಿ. ಮೊದಲು ನನ್ನ ಅರ್ಧ. ಅದು ನೀರು ಕುಡಿದಷ್ಟು ಸುಲಭಕ್ಕೆ ಹೋಯಿತು. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುವಾಗ ಹೊರಬರುವ ಶಕ್ತಿಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಲು ಹೇಳಿದರು, ಮಾಡಿದೆ. ಆಮೇಲೆ ಆ ಹೆಂಗಸು, ಈ ಹೀಲಿಯಂ ಇಷ್ಟು ಗಟ್ಟಿ ಇರುವುದರಲ್ಲಿ ಸ್ಪಿನ್‌ನ ಪಾತ್ರ ಏನು ಎಂದು ಕೇಳಿದರು.

ಬೋರ್ಡಿನ ಕಡೆ ತಿರುಗಿದೆ. ನಾಲ್ಕು ಗುಂಡಗಿನ ಗುರುತು ಹಾಕಿದೆ. ಎರಡು ಪ್ರೋಟಾನ್. ಒಂದೇ ಜಾತಿ, ಆದ್ದರಿಂದ ಒಂದಕ್ಕೆ ಮೇಲ್ಮುಖದ ಬಾಣ, ಇನ್ನೊಂದಕ್ಕೆ ಕೆಳಮುಖ. ಎರಡು ನ್ಯೂಟ್ರಾನ್. ಅವೂ ಒಂದೇ ಜಾತಿ, ಒಂದಕ್ಕೆ ಮೇಲ್ಮುಖ, ಇನ್ನೊಂದಕ್ಕೆ ಕೆಳಮುಖ. ಕೂಡಿಸಿದರೆ ಸೊನ್ನೆ. ನೋಡಿ, ಎಲ್ಲ ತಿರುಗುಮುರುಗ, ಅದಕ್ಕೇ ಗಟ್ಟಿ ಎಂದು ಹೇಳಲು ಬಾಯಿ ತೆರೆದಿದ್ದೆ. ಕೊನೆಯ ಬಾಣದ ಮೇಲೆ ಚಾಕ್ ಇನ್ನೂ ಇತ್ತು. ಆಗ ಕಣ್ಣಿಗೆ ಬಿತ್ತು.

ಮೇಲ್ಮುಖದ ಪ್ರೋಟಾನ್ ಪಕ್ಕದಲ್ಲಿ ಮೇಲ್ಮುಖದ ನ್ಯೂಟ್ರಾನ್ ಇತ್ತು. ಕೆಳಮುಖದ ಪ್ರೋಟಾನ್ ಪಕ್ಕದಲ್ಲಿ ಕೆಳಮುಖದ ನ್ಯೂಟ್ರಾನ್. ನೆಟ್ಟಗಿನ ಲೋಟಕ್ಕೆ ನೆಟ್ಟಗಿನ ಬಟ್ಟಲು, ಬೋರಲು ಲೋಟಕ್ಕೆ ಬೋರಲು ಬಟ್ಟಲು. ತಿರುಗುಮುರುಗ ಇದ್ದದ್ದು ಲೋಟ ಲೋಟಗಳ ನಡುವೆ, ಬಟ್ಟಲು ಬಟ್ಟಲುಗಳ ನಡುವೆ. ಲೋಟಕ್ಕೂ ಬಟ್ಟಲಿಗೂ ನಡುವೆ ಆ ಗಟ್ಟಿ ಸೆಳೆತ ಹಾಗೇ ಇತ್ತು. ಹೀಲಿಯಂ ಸೊನ್ನೆಯಾಗಿಯೂ ಗಟ್ಟಿಯಾಗಬಲ್ಲದು. ಎರಡು ಲೋಟ, ಎರಡು ಬಟ್ಟಲು ಬೇಕು ಎಂದದ್ದು ಇದಕ್ಕೆ. ಅವರು ನನಗೆ ಹೇಳಿಕೊಟ್ಟದ್ದರಲ್ಲಿ ಒಂದಕ್ಷರ ಉಲ್ಟಾ ಇರಲಿಲ್ಲ.

ಆ ಹೆಂಗಸು, ಮೇಡಂ, ನೀರು ಬೇಕೇ ಎಂದು ಕೇಳಿದರು. ಬೇಡ ಎಂದೆ. ತಿರುಗಿ, ಹೋಟೆಲಿನಲ್ಲಿ ಸರ್ ಹೇಳಿದ ಹಾಗೇ ಹೇಳಿದೆ, ಲೋಟ ಬಟ್ಟಲು ಸಮೇತ. ನಾಲ್ಕು ಜೊತೆಯಾದಾಗ ಒಂದೊಂದಕ್ಕೂ ಕೈಹಿಡಿಯಲು ಮೂರು ಮೂರು ಸಿಗುತ್ತವೆ, ಅದಕ್ಕೇ ಆ ಜುಜುಬಿ ಜೋಡಿಗಿಂತ ಇದು ಎಷ್ಟೋ ಗಟ್ಟಿ ಎಂದೂ ಹೇಳಿದೆ. ಮೇಜಿನ ಹಿಂದಿದ್ದವರು ನಕ್ಕರು, ಅದು ಒಳ್ಳೆಯ ನಗು. ನಾನು ಬೋರ್ಡು ಒರೆಸಿ ಹೊರಗೆ ಬಂದೆ.

ಅವರು ಗೇಟಿನ ಹೊರಗಿನ ಚಹಾ ಗಾಡಿಯ ಹತ್ತಿರ ನನಗಾಗಿ ಕಾಯುತ್ತಿದ್ದರು. ನನಗೂ ಒಂದು ಕಟಿಂಗ್, ಅರ್ಧ ಲೋಟ ಚಹಾ, ಹೇಳಿದರು. ನಾನು ಕೇಳುವ ಮೊದಲೇ ನಿನ್ನೆಯ ಕತೆ ಹೇಳಿದರು. ಅವರ ಚಾಳನ್ನು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುತ್ತಾರಂತೆ, ಅದರ ಸರ್ವೆಯವರು ಹೇಳದೆ ಕೇಳದೆ ಬಂದುಬಿಟ್ಟರಂತೆ. ಮನೆಯವರು ಎದುರಿಗಿಲ್ಲದಿದ್ದರೆ ಪಟ್ಟಿಯಲ್ಲಿ ಹೆಸರು ಬರದೆ ಖೋಲಿ ಕೈಬಿಟ್ಟುಹೋಗುತ್ತದೆ ಎಂದು ಬಾಗಿಲು ಬಿಟ್ಟು ಕದಲಲು ಆಗಲಿಲ್ಲ. ಮೀಟರ್ ಬಿಚ್ಚಿ ಕರೆಂಟೂ ತೆಗೆದಿದ್ದರು, ಫೋನ್ ಸತ್ತಿತ್ತು. ಎಲ್ಲ ಹೇಳಿ, ಹೀಲಿಯಂ ಕೇಳಿದರೇನು ಎಂದು ಆತುರದಿಂದ ಕೇಳಿದರು. ಕೇಳಿದರು, ಹೇಳಿದೆ ಎಂದೆ. ಅವರ ಮುಖ ಅರಳಿತು. ಅದನ್ನೇ ಹೇಳಲು ಬಾಗಿಲಲ್ಲಿ ಬಾಯಿ ತೆರೆದಿದ್ದೆ, ನೀವು ಗಾಬರಿಯಲ್ಲಿ ನೋಡಲೇ ಇಲ್ಲ ಎಂದರು. ಗಾಬರಿ ಎಂದು ತಿಳಿದುಕೊಂಡಿದ್ದರು. ನಾನು ಗಾಜಿನ ಲೋಟದೊಳಗೆ ನೋಡುತ್ತ ಚಹಾ ಕುಡಿದೆ.

ನಿಮ್ಮದು ಹೇಗಾಯಿತು ಎಂದು ಕೇಳಿದೆ. ಸ್ಪಿನ್ ಚೆನ್ನಾಗಿ ಹೋಯಿತು, ಆ ಶಕ್ತಿಯ ಲೆಕ್ಕದಲ್ಲಿ ಸ್ವಲ್ಪ ಎಡವಟ್ಟಾಯಿತು ಎಂದು ನಕ್ಕರು. ಅಲ್ಲಿ ಕೊಟ್ಟಿದ್ದ ಪಟ್ಟಿಯ ತೂಕ ಹಿಡಿದು ಲೆಕ್ಕ ಮಾಡಿ, ಕೂಡುವಾಗ ಹುಟ್ಟಿ ಬರುವ ಪಾಸಿಟ್ರಾನ್ ಎಂಬ ಕಣಗಳ ತೂಕವನ್ನು ಅದರಿಂದ ಕಳೆದರಂತೆ. ಉತ್ತರ ಕಡಿಮೆ ಬಂತಂತೆ. ಎಲ್ಲಿ ತಪ್ಪಿತು ಎಂದು ಪರೀಕ್ಷಕರು ಎರಡು ಸಲ ಕೇಳಿದರೂ ಹೊಳೆಯಲಿಲ್ಲವಂತೆ.

ಎಲ್ಲಿ ತಪ್ಪಿತು ಎಂದು ನನಗೆ ಕೇಳುತ್ತಿದ್ದಂತೆಯೇ ಗೊತ್ತಾಗಿತ್ತು. ಪಟ್ಟಿಯಲ್ಲಿರುವುದು ಬರೀ ನ್ಯೂಕ್ಲಿಯಸ್‌ನ ತೂಕವಲ್ಲ, ಸುತ್ತಲಿನ ಎಲೆಕ್ಟ್ರಾನ್‌ಗಳನ್ನೂ ಸೇರಿಸಿ ಇಡೀ ಪರಮಾಣುವಿನ ತೂಕ, ಡಬ್ಬ ಸಮೇತ ಎಣ್ಣೆ ತೂಗಿದ ಹಾಗೆ. ಹಾಗೆ ತೂಗಿದಾಗ ಪಾಸಿಟ್ರಾನ್‌ಗಳ ಲೆಕ್ಕ ಅದರೊಳಗೇ ಸರಿಹೋಗಿರುತ್ತದೆ, ಇನ್ನೊಮ್ಮೆ ಕಳೆಯಬಾರದು. ಈ ಘಟಕ ಪಾಠ ಮಾಡುವವರೆಲ್ಲ ಮೊದಲ ದಿನ ಹೇಳುವ ಮಾತು ಅದು. ಹೇಳಿ ಹೇಳಿ ಅದು ನನಗೆ ಉಸಿರಾಡಿದಷ್ಟು ಸಹಜವಾಗಿ ಹೋಗಿತ್ತು. ಹೋಟೆಲಿನಲ್ಲಿ ಎರಡು ಕಾಫಿ ಮುಗಿಯುವ ತನಕ ಬಾಯಿ ಮುಚ್ಚದೆ ಮಾತಾಡಿದ ನಾನು, ಅದೊಂದನ್ನು ಹೇಳಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ದೇವರಾಣೆ ನೆನಪೇ ಆಗಿರಲಿಲ್ಲ. ಆದರೆ ಅವತ್ತು ಆ ಚಹಾ ಗಾಡಿಯ ಮುಂದೆ ಅದನ್ನು ಹೇಳಿದರೆ ಯಾರು ನಂಬುತ್ತಾರೆ? ನಾನಾಗಿದ್ದರೆ ನಂಬುತ್ತಿರಲಿಲ್ಲ. ರೈಲು ಹೊತ್ತಾಯಿತು ಎಂದು ಹೇಳಿ ಹೊರಟುಬಂದೆ.

ಹುದ್ದೆ ನನಗೆ ಸಿಕ್ಕಿತು. ಫೋನ್ ಬಂದಾಗ ನಾನು ಸ್ನಾನದ ಮನೆಯಲ್ಲಿರಲಿಲ್ಲ, ಅಮ್ಮನ ಜೊತೆ ಬಾಳೆಕಾಯಿ ಹೆಚ್ಚುತ್ತಿದ್ದೆ. ಅಮ್ಮ ಅಳುತ್ತ ದೇವರ ಮುಂದೆ ದೀಪ ಹಚ್ಚಿದಳು. ನನಗೂ ಸಂತೋಷವಾಯಿತು, ಇಲ್ಲ ಎನ್ನಲಾರೆ, ಗೋಡೆ ಹಿಡಿದುಕೊಂಡು ನಿಲ್ಲುವಷ್ಟು ಸಂತೋಷವಾಯಿತು. ಅವರು ಅಭಿನಂದನೆ ಹೇಳಿ ಫೋನ್ ಮಾಡಿದರು, ಪಾರ್ಟಿ ಯಾವಾಗ ಎಂದು ತಮಾಷೆಯನ್ನೂ ಮಾಡಿದರು. ಮಳೆಗಾಲದಲ್ಲಿ ಕಾಲೇಜಿನಿಂದ ಅವರಿಗೆ ಕರೆ ಹೋಗಲಿಲ್ಲ. ಬಾಂದ್ರಾದ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದ್ದಾರೆ, ಬೆಳಗಿನಿಂದ ಸಂಜೆಯ ತನಕ ನಿಂತೇ ಇರಬೇಕು ಎಂದು ಯಾರೋ ಹೇಳಿದರು. ನನಗೆ ಕಬ್ಬಿಣದ ಕಪಾಟು ಸಿಕ್ಕಿತು. ಟೈಮ್‌ಟೇಬಲ್ಲಿನಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪೂರ್ತಿ ನನ್ನ ಹೆಸರಿಗೆ ಬಂದಿತ್ತು, ಎರಡೂ ಅರ್ಧ.

ನನ್ನ ಅರ್ಧ ಮುಗಿದು, ಸ್ಪಿನ್ ಶುರು ಮಾಡುವ ಹಿಂದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಅವರಿಗೆ ಫೋನ್ ಮಾಡಿದೆ. ಹಿಂದೆ ಹುಡುಗರ ಗದ್ದಲ ಕೇಳುತ್ತಿತ್ತು. ನನ್ನ ದನಿ ಕೇಳಿದ ಕೂಡಲೇ ಹೊರಗೆ ಬಂದು, ಒಂದೊಂದಾಗಿ ಎಲ್ಲ ಹೇಳಿದರು: ಯಾವುದು ಮೊದಲು, ಯಾವುದು ಆಮೇಲೆ, ಹುಡುಗರು ಎಲ್ಲಿ ನಗುತ್ತಾರೆ, ಎಲ್ಲಿ ತೂಕಡಿಸುತ್ತಾರೆ.

"ಹೀಲಿಯಂ ಬಂದಾಗ ಮಾತ್ರ ಅವಸರ ಮಾಡಬ್ಯಾಡ್ರಿ ಅಕ್ಕಾರ. ಅಲ್ಲೇ ಎಲ್ಲಾರೂ ತಪ್ಪು ತಿಳಕೋತಾರ."

ನಾನು ಹೂಂ ಎಂದೆ. ಅವರು ಫೋನ್ ಇಡುವವರಿದ್ದರು. ಆಗ ತಡೆದುಕೊಳ್ಳಲಾಗಲಿಲ್ಲ.

"ಆ ಎಲೆಕ್ಟ್ರಾನ್ ಲೆಕ್ಕ ಉಂಟಲ್ಲ ಮಾರಾಯ್ರೆ, ಅದನ್ನು ಅವತ್ತು ನಾನು ನಿಮಗೆ ಹೇಳ್ಲಿಲ್ಲ," ಎಂದೆ.

"ಗೊತ್ತೈತ್ರಿ. ಮನಿಗೆ ಹೋಗಿ ಪುಸ್ತಕ ತೆರದಾಗ ಗೊತ್ತಾತು," ಎಂದರು. ಹಿಂದಿನಿಂದ ಯಾರೋ ಅವರನ್ನು ಸರ್ ಎಂದು ಕರೆಯುತ್ತಿದ್ದರು. "ಮರತೀರಿ ಅಂತ ಅನಕೊಂಡೆ. ಮತ್ತೇನ್ ಅನಕೊಳ್ಳೂದೈತಿ ಅದ್ರಾಗ?"

ಅವರಿಗೆ ಕ್ಲಾಸಿಗೆ ಹೊತ್ತಾಗಿತ್ತು, ಇಟ್ಟರು. ನಾನು ಫೋನನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕಪಾಟಿನ ಮುಂದೆ ಕೂತಿದ್ದೆ. ಅವರು ನನ್ನ ಬಗ್ಗೆ ಅಂದುಕೊಂಡದ್ದು ಅಷ್ಟೇ, ಮರೆತೆ ಎಂದು. ನಾನು ಅವರ ಬಗ್ಗೆ ಒಂದು ರಾತ್ರಿ, ಒಂದು ಬೆಳಿಗ್ಗೆ ಏನೇನು ಅಂದುಕೊಂಡಿದ್ದೆ ಎಂಬುದು ಇವತ್ತಿನ ತನಕ ಅವರಿಗೆ ಗೊತ್ತಿಲ್ಲ. ಮರುದಿನ ಮನೆಯಿಂದ ಎರಡು ಲೋಟ, ಎರಡು ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಹೋದೆ.